ಭಾವನ ಗಾಡಿಯ ಡೋರ್ ಲಾಕ್

ಟೊಮೆಟೊ ಸೀಸನ್‌ನಲ್ಲಿ ಕೋಲಾರದ ಎಪಿಎಂಸಿ ಒಳಗೆ ಗಾಡಿ ನಿಲ್ಲಿಸೋಕೆ ಜಾಗ ಸಿಕ್ಕರೆ ಅದೇ ದೊಡ್ಡದು. ನಮ್ಮ ಭಾವ ಶ್ರೀನಿವಾಸಪುರದ ಕಡೆಯಿಂದ ಲೋಡ್ ತಂದು, ಬಾಕ್ಸ್ ಇಳಿಸಿ, ಹರಾಜು ಮುಗಿಯುವವರೆಗೂ ಅಲ್ಲೇ ಇರುತ್ತಾರೆ. ದುಡ್ಡು, ಮಂಡಿ ಚೀಟಿ ಎಲ್ಲ ಕ್ಯಾಬಿನ್ ಒಳಗೆ. 2023ರ ಜುಲೈನಲ್ಲಿ 15 ಕೆಜಿ ಬಾಕ್ಸಿನ ರೇಟು 2,000 ರೂಪಾಯಿ ದಾಟಿತ್ತಲ್ಲ, ಆವಾಗಿನಿಂದ ಅವರು ಲಾಕ್ ಮಾಡದೆ ಟೀ ಕುಡಿಯೋಕೂ ಹೋಗುವುದಿಲ್ಲ.

ಮೊನ್ನೆ ನಾನು ಹೋದಾಗ ಭಾವ ಡ್ರೈವರ್ ಕಡೆಯ ಡೋರ್ ಮುಂದೆ ಕೀ ಹಿಡಿದು ಒದ್ದಾಡುತ್ತಿದ್ದರು. ಕೀ ಅರ್ಧಕ್ಕೇ ನಿಲ್ಲುತ್ತಿತ್ತು. ಅಲ್ಲಾಡಿಸಿದರೆ ಒಳಗೆ ಹೋಗುತ್ತಿತ್ತು, ಆದರೆ ತಿರುಗುತ್ತಿರಲಿಲ್ಲ. ಪಕ್ಕದ ಗಾಡಿಯವರು ಪಾಪ, ಕಟಿಂಗ್ ಪ್ಲೇಯರ್ ತಂದು ಕೊಟ್ಟರು. ನಾನು ಬೇಡ ಅಂದೆ. ಅದರಲ್ಲಿ ಹಿಡಿದು ತಿರುಗಿಸಿದರೆ ಕೀ ಒಳಗೇ ಮುರಿಯುತ್ತೆ.

"ಒಂಚೂರು ಎಣ್ಣೆ ಬಿಡೋಣ ಬಾ. ಹೋದ್ಸಲ ಬಿಟ್ಟಾಗ ಸರಿಹೋಗಿತ್ತು" ಅಂದರು ಭಾವ.

"ಆ ಎಣ್ಣೆನೇ ಈಗ ಹಿಡ್ಕೊಂಡಿರೋದು, ನೋಡಿ" ಅಂತ ಕೀ ಹೊರಗೆ ಎಳೆದು ತೋರಿಸಿದೆ. ಹಲ್ಲಿನ ಸಂದುಗಳಲ್ಲಿ ಕಪ್ಪಗೆ ಅಂಟು ಮೆತ್ತಿತ್ತು. ಬೆರಳಲ್ಲಿ ಉಜ್ಜಿದರೆ ಒಳಗೆ ಸಣ್ಣ ಮರಳು ಸಿಗುತ್ತಿತ್ತು.

ಇಂಥ ಲಾಕಿನೊಳಗೆ ತೆಳುವಾದ ಲೋಹದ ಬಿಲ್ಲೆಗಳು ಸಾಲಾಗಿ ಇರುತ್ತವೆ. ಒಂದೊಂದಕ್ಕೂ ಪುಟ್ಟ ಸ್ಪ್ರಿಂಗು. ಸರಿಯಾದ ಕೀ ಹೋದಾಗ ಎಲ್ಲ ಬಿಲ್ಲೆಗಳೂ ಒಳಕ್ಕೆ ಸರಿದು, ಕೀ ಜೊತೆ ತಿರುಗುವ ಸಿಲಿಂಡರಿಗೆ ಸಮನಾಗಬೇಕು. ಒಂದೇ ಒಂದು ಹೊರಗೆ ಚಾಚಿಕೊಂಡಿದ್ದರೂ ಸಿಲಿಂಡರ್ ತಿರುಗಲ್ಲ. ಎಣ್ಣೆ ಬಿಟ್ಟ ದಿನ ಎಲ್ಲ ಸಲೀಸು. ಆಮೇಲೆ ಆ ಜಿಡ್ಡಿಗೆ ನಮ್ಮ ಕಡೆಯ ಕೆಂಪು ಧೂಳು ಕೂತು ಕೂತು ಬಿಲ್ಲೆ ಅಲ್ಲಾಡೋಕೆ ಜಾಗವೇ ಇರಲ್ಲ. ಮೇಲೆ ಇನ್ನಷ್ಟು ಎಣ್ಣೆ ಬಿಟ್ಟರೆ ಇನ್ನಷ್ಟು ಧೂಳು, ಅಷ್ಟೆ.

ಕ್ಲಾಕ್ ಟವರ್ ಕಡೆ ಹೋಗಿ ಜಿಡ್ಡು ತೊಳೆದು ಆರಿಹೋಗುವ ಒಂದು ಕಾಂಟ್ಯಾಕ್ಟ್ ಕ್ಲೀನರ್ ಸ್ಪ್ರೇ, ಒಂದು ಸಣ್ಣ ಟ್ಯೂಬ್ ಗ್ರಾಫೈಟ್ ಪುಡಿ ತಂದೆ. ಸ್ಪ್ರೇಗೆ ಬೇಗ ಬೆಂಕಿ ಹತ್ತುತ್ತೆ, ಅದಕ್ಕೆ ಬೀಡಿ ಸೇದುತ್ತಿದ್ದವರನ್ನು ಆಚೆ ಕಳಿಸಿದೆ. ಕೀ ತೂತಿನ ಮುಚ್ಚಳವನ್ನು ಸಣ್ಣ ಕಡ್ಡಿಯಿಂದ ಒಳಕ್ಕೆ ಒತ್ತಿ ಹಿಡಿದು, ಸ್ಪ್ರೇ ನಳಿಕೆ ತೂರಿಸಿ ಹೊಡೆದೆ. ಕರಿನೀರು ಡೋರ್ ಮೇಲೆ ಇಳಿಯಿತು. ಪೇಂಟಿಗೆ ತಾಗದ ಹಾಗೆ ಕೆಳಗೆ ಬಟ್ಟೆ ಹಿಡಿದೆ. ಕೀ ಹಾಕೋದು, ಎಳೆಯೋದು, ಒರೆಸೋದು, ಮತ್ತೆ ಸ್ಪ್ರೇ. ಕೀ ಒಣಗಿದ ಹಾಗೆ, ಸ್ವಚ್ಛವಾಗಿ ಹೊರಗೆ ಬರುವವರೆಗೂ ಬಿಡಲಿಲ್ಲ. ಈ ಕೆಲಸದಲ್ಲಿ ತಾಳ್ಮೆ ಬೇಕಿರೋದು ಇಲ್ಲೇ. ಒಳಗೆ ಜಿಡ್ಡು ಉಳಿದಿದ್ದರೆ ಪುಡಿ ಹಾಕಿಯೂ ದಂಡ.

ಬಿಸಿಲಲ್ಲಿ ಚೆನ್ನಾಗಿ ಆರಿದ ಮೇಲೆ ಟ್ಯೂಬ್ ಒಂದ್ಸಲ ಒತ್ತಿ ಚಿಟಿಕೆಯಷ್ಟು ಗ್ರಾಫೈಟ್ ಬಿಟ್ಟೆ. ಅದು ಒಣ ಪುಡಿ, ಎಣ್ಣೆಯ ಹಾಗೆ ಧೂಳನ್ನು ಹಿಡಿದಿಟ್ಟುಕೊಳ್ಳುವುದಿಲ್ಲ. ಕೀ ಆಡಿಸಿದೆ. ಟಕ್ ಅಂತ ತಿರುಗಿತು. ಭಾವ ಖುಷಿಯಲ್ಲಿ "ಇಗ್ನಿಷನ್‌ಗೂ ಒಂಚೂರು ಹಾಕು" ಅಂದರು. ಅಲ್ಲಿಗೆ ಮಾತ್ರ ಬೇಡ ಅಂದೆ. ಗ್ರಾಫೈಟಲ್ಲಿ ಕರೆಂಟ್ ಹರಿಯುತ್ತೆ, ಇಗ್ನಿಷನ್ ಹಿಂದೆ ಸ್ವಿಚ್ಚಿನ ಕಾಂಟ್ಯಾಕ್ಟುಗಳಿವೆ, ಪುಡಿ ಅಲ್ಲಿಗೆ ಹೋದರೆ ಶಾರ್ಟ್ ಆಗಬಹುದು.

ಇನ್ನೊಂದು ಕೆಲಸ ಬಾಕಿ ಇತ್ತು. ಭಾವ ದಿನಾ ಬಳಸುವ ಕೀಯ ಹಲ್ಲು ಸವೆದು ದುಂಡಗಾಗಿತ್ತು. ಗಾಡಿ ಜೊತೆ ಬಂದಿದ್ದ ಸ್ಪೇರ್ ಕೀಯನ್ನು ಅಕ್ಕ ಬೀರುವಿನಲ್ಲಿ ಇಟ್ಟಿದ್ದಳು. ಅದನ್ನು ಕೊಟ್ಟು ನಕಲು ಮಾಡಿಸಿ ಅಂತ ಹೇಳಿದೆ. ಸವೆದ ಕೀ ಕೊಟ್ಟರೆ ಹೊಸದರಲ್ಲೂ ಅದೇ ಸವೆತ ಬರುತ್ತೆ ಅಲ್ವಾ. ಭಾವ ಹೂಂ ಅಂದು, ಉಳಿದ ಸ್ಪ್ರೇ ತಗೊಂಡು ಎಡಗಡೆ ಡೋರ್ ಕಡೆ ಹೋದರು.