ಮಟ್ಟುವಿನ ಜಗಲಿಯಲ್ಲಿ

ಮಂಗಳೂರಿನಿಂದ ಮಲ್ಪೆಯವರೆಗೆ ಸೈಕಲ್ ತುಳಿದು ಬಂದೆ ಎಂದರೆ ಎಲ್ಲರೂ ಮೊದಲು ಕೇಳುವುದು ಕಡಲು ಹೇಗಿತ್ತು ಎಂದು. ಚೆನ್ನಾಗಿತ್ತು. ಆದರೆ ಮೈಸೂರಿಗೆ ಮರಳಿ ಎರಡು ವಾರ ಕಳೆದರೂ ಕಣ್ಣ ಮುಂದಿನಿಂದ ಸರಿಯದಿರುವುದು ಮಟ್ಟುವಿನ ಒಂದು ಹಂಚಿನ ಮನೆಯ ಜಗಲಿ, ಅದರ ಕಿಟಕಿಯ ದಂಡೆಯ ಮೇಲಿದ್ದ ಒಂದು ನೀರಿನ ಬಾಟಲಿ.

ಡಯಾಲಿಸಿಸ್ ಯಂತ್ರವೊಂದಕ್ಕೆ ಹಣ ಕೂಡಿಸುವ ಸವಾರಿ ಅದು. ನನ್ನ ಸೋದರಮಾವ ಮೂತ್ರಪಿಂಡ ಕೆಟ್ಟು ತೀರಿಕೊಂಡವರು. ಹಾಗಾಗಿ ಕರಾವಳಿಯ ಗೆಳೆಯ ಕರೆದಾಗ ಎರಡು ಮಾತಾಡದೆ ಒಪ್ಪಿಕೊಂಡೆ. ಕಚೇರಿಯಲ್ಲೂ ನೆಂಟರಿಷ್ಟರಲ್ಲೂ ಕೇಳಿ 18,500 ರೂಪಾಯಿ ಕೂಡಿಸಿದೆ. ಶುಕ್ರವಾರ ರಾತ್ರಿಯ ಬಸ್ಸಿಗೆ ಸೈಕಲ್ ಹಾಕಿದೆ. ಬೆಳಿಗ್ಗೆ ಇಳಿಸಿಕೊಂಡು ನೋಡಿದರೆ ಅದರ ಮೇಲೆ ಯಾರದೋ ಎರಡು ಮೂಟೆ, ಹಿಂದಿನ ಗೇರಿನ ಕೊಂಡಿ ಒಳಕ್ಕೆ ಬಾಗಿತ್ತು. ಸಾಮಾನು ಸಾಗಿಸಲು ಬೇರೆಯಾಗಿ ದುಡ್ಡು ಪಡೆದವರು ಇಷ್ಟೂ ನೋಡಿಕೊಳ್ಳಬಾರದೇ? ಬಸ್ಸಿನಲ್ಲಿ ಸೈಕಲ್ ಒಯ್ಯುವವರು ಎರಡೂ ಚಕ್ರ ಕಳಚಿ, ಗೇರಿನ ಮಗ್ಗುಲು ಮೇಲಕ್ಕೆ ಬರುವಂತೆ ಕಂಬಳಿ ಸುತ್ತಿ ಇಡಿ. ಇಟ್ಟ ಮೇಲೂ ಬಾಗಿಲು ಮುಚ್ಚುವವರೆಗೆ ಅಲ್ಲೇ ನಿಲ್ಲಿ. ನನ್ನ ಶನಿವಾರ ಪೂರ್ತಿ ರಿಪೇರಿ ಅಂಗಡಿಯಲ್ಲೇ ಕಳೆಯಿತು.

ಭಾನುವಾರ ನಸುಕಿನಲ್ಲಿ ನೆಹರೂ ಮೈದಾನದ ಬಳಿಯಿಂದ ಹೊರಟೆವು. ಕೊಟ್ಟಾರ ಚೌಕಿ, ಕೂಳೂರಿನ ಸೇತುವೆ, ಪಣಂಬೂರು, ಸುರತ್ಕಲ್ ಎಲ್ಲವೂ ಕತ್ತಲೆಯಲ್ಲೇ ಹಿಂದೆ ಸರಿದವು. ಮುಕ್ಕ ದಾಟುವಾಗ ಬೆಳಕು ಹರಿಯಿತು. ರಾಷ್ಟ್ರೀಯ ಹೆದ್ದಾರಿ 66 ಸೈಕಲ್ಲಿಗೆ ಹೇಳಿಸಿದ ದಾರಿಯಲ್ಲ. ಟ್ಯಾಂಕರುಗಳು ಮೊಣಕೈ ಸವರಿಕೊಂಡು ಹೋಗುತ್ತವೆ, ಪಕ್ಕದ ರಸ್ತೆಯಲ್ಲಿ ಎದುರಿನಿಂದ ಬೈಕುಗಳು ನುಗ್ಗುತ್ತವೆ. ಮೂಲ್ಕಿಯಲ್ಲಿ ತಿಂಡಿ. ಸಂಘಟಕರು ಹಂಚಿದ ಪೊಟ್ಟಣದ ಶಕ್ತಿ ಬಿಸ್ಕತ್ತನ್ನು ಕಿಸೆಯಲ್ಲೇ ಇಟ್ಟುಕೊಂಡು, ಬಿಸಿ ಬಿಸಿ ಬನ್ಸ್ ಮೂರು ತಿಂದೆ. ಬಾಳೆಹಣ್ಣಿನ ಸಿಹಿ, ಜೀರಿಗೆಯ ಘಮ, ಜತೆಗೆ ಖಾರದ ಕಾಯಿ ಚಟ್ನಿ. ದೂರ ತುಳಿಯುವವನಿಗೆ ಇದಕ್ಕಿಂತ ಒಳ್ಳೆಯ ಆಹಾರವನ್ನು ಯಾವ ಕಂಪನಿಯೂ ಇನ್ನೂ ಮಾಡಿಲ್ಲ. ಅಲ್ಲೇ ಒಬ್ಬ ಸಹಸವಾರನಿಗೆ ನನ್ನ ಪಂಪ್ ಕೊಟ್ಟೆ. ಮರಳಿ ಇಸಿದುಕೊಳ್ಳಲು ಮರೆತೆ. ಪಡುಬಿದ್ರಿ, ಉಚ್ಚಿಲ, 1901ರಿಂದ ಬೆಳಕು ತೋರುತ್ತಿರುವ ಕಾಪುವಿನ ದೀಪಸ್ತಂಭದ ಊರು, ಕಟಪಾಡಿ. ಅಲ್ಲಿ ಹೆದ್ದಾರಿಗೆ ಬೆನ್ನು ತಿರುಗಿಸಿ ಪಡುವಣಕ್ಕೆ ಇಳಿದು ಮಟ್ಟು ಸೇತುವೆ ದಾಟಿದೆವು.

ಎಡಕ್ಕೆ ಕಡಲು, ಬಲಕ್ಕೆ ಹೊಳೆ, ನಡುವೆ ತೆಂಗಿನ ಮರಗಳ ಕೆಳಗೆ ಹಗ್ಗ ಎಳೆದಂತೆ ಒಂದು ಸಪೂರ ದಾರಿ. ಅದರಲ್ಲಿ ಒಂದು ಮೈಲಿಯೂ ಹೋಗಿರಲಿಲ್ಲ, ಹಿಂದಿನ ಚಕ್ರ ನೆಲಕ್ಕೆ ಕುಸಿಯಿತು. ಟೈರಿನಿಂದ ಕಿತ್ತು ತೆಗೆದದ್ದು ಗಾಳದ ಮುರಿದ ಕೊಕ್ಕೆ. ಬೇರೆ ಟ್ಯೂಬ್ ಚೀಲದಲ್ಲಿತ್ತು, ಪಂಪ್ ಇರಲಿಲ್ಲ. ಹಿಂದೆಯೇ ಬರುತ್ತದೆ ಎಂದು ಹೇಳಿದ್ದ ನೆರವಿನ ವ್ಯಾನು ಆಗಲೇ ಮಲ್ಪೆ ಸೇರಿತ್ತು. ಎದುರು ಮನೆಯ ಹೆಂಗಸು ಪಕ್ಕದ ಮನೆಯಿಂದ ಪಂಪ್ ತರಿಸಿಕೊಟ್ಟರು, ಆದರೆ ಅದರ ಬಾಯಿ ನನ್ನ ಟ್ಯೂಬಿನ ತೆಳ್ಳಗಿನ ಪ್ರೆಸ್ಟಾ ವಾಲ್ವಿಗೆ ಕೂರಲಿಲ್ಲ. ಅದಕ್ಕೊಂದು ಹಿತ್ತಾಳೆಯ ಪುಟ್ಟ ಅಡಾಪ್ಟರ್ ಬರುತ್ತದೆ, ಕಡಲೆಕಾಳಿನಷ್ಟು ದೊಡ್ಡದು, ಬೆಲೆಯೂ ಹೆಚ್ಚಿಲ್ಲ. ದಯವಿಟ್ಟು ಒಂದನ್ನು ಕೊಂಡು ವಾಲ್ವಿಗೇ ತಿರುಗಿಸಿ ಇಡಿ.

"ವ್ಯಾನು ಬರುವವರೆಗೆ ಬಿಸಿಲಲ್ಲಿ ಯಾಕೆ ನಿಲ್ಲುತ್ತೀರಿ? ಆಸರಿಗೆ ಕೊಡುತ್ತೇನೆ, ಬನ್ನಿ."

ಆಸರಿಗೆ ಎಂದರೆ ಬಾಯಾರಿಕೆಗೆ. ತಂಬಿಗೆ ತುಂಬ ನೀರು, ತಟ್ಟೆಯಲ್ಲಿ ಬೆಲ್ಲದ ತುಂಡು ತಂದಿಟ್ಟರು. ನಾನು ಬೆಲ್ಲ ಬಾಯಿಗೆ ಹಾಕಿಕೊಂಡು, ಗಟಗಟ ಸದ್ದು ಬರುವಂತೆ ತಂಬಿಗೆ ಖಾಲಿ ಮಾಡಿದೆ. ಇಳಿಸಿದಾಗ ಕಂಡಿತು, ಜಗಲಿಯ ಮೂಲೆಯ ಮಂಚದಲ್ಲಿ ಅವರ ಗಂಡ ಕುಳಿತು ನನ್ನ ಗಂಟಲನ್ನೇ ನೋಡುತ್ತಿದ್ದರು.

ಆ ತಾಯಿ ಮತ್ತೆ ಬೀಡಿಯ ತಡ್ಪೆಯನ್ನು, ಎಂದರೆ ಮೊರವನ್ನು, ಮಡಿಲಿಗೆ ಎಳೆದುಕೊಂಡು ಎಲೆ ಕತ್ತರಿಸತೊಡಗಿದರು. ಇಷ್ಟು ಜನ ಸೈಕಲ್ಲಿನಲ್ಲಿ ಯಾಕೆ ಹೋಗುತ್ತಿದ್ದೀರಿ ಎಂದು ಕೇಳಿದರು. ಹೇಳಿದೆ. ಕತ್ತರಿ ನಿಂತಿತು.

"ಇವರಿಗೂ ಅದೇ. ಮಂಗಳವಾರ, ಶುಕ್ರವಾರ. ಎರಡು ವರ್ಷ ಆಯಿತು."

ಅವರು ಮಲ್ಪೆಯ ಬೋಟುಗಳಲ್ಲಿ ಆಳಸಮುದ್ರಕ್ಕೆ ಹೋಗುತ್ತಿದ್ದವರು. ಎಂಜಿನ್ ನೋಡಿಕೊಳ್ಳುವುದು ಅವರ ಕೆಲಸ. ಎಡಗೈ ಮುಂದೆ ಚಾಚಿ, ಮಣಿಕಟ್ಟಿನ ಮೇಲಕ್ಕೆ ಉಬ್ಬಿದ್ದ ನರದ ಮೇಲೆ ನನ್ನ ಬೆರಳನ್ನು ಇಡಿಸಿದರು. ಚರ್ಮದ ಅಡಿಯಲ್ಲಿ ಜುಂಯ್ ಎಂದು ಎಡೆಬಿಡದ ಒಂದು ನಡುಕ. ಡಯಾಲಿಸಿಸ್‌ಗಾಗಿ ಧಮನಿಯನ್ನೂ ಅಭಿಧಮನಿಯನ್ನೂ ಜೋಡಿಸಿ ಹೊಲಿಯುವ ಫಿಸ್ಟುಲಾ ಅದು; ನಡುಕ ನಿಂತರೆ ರಕ್ತದ ದಾರಿ ಕಟ್ಟಿಕೊಂಡಿದೆ ಎಂದು ಅರ್ಥ. ಆ ಕೈಯಲ್ಲಿ ಭಾರ ಎತ್ತುವಂತಿಲ್ಲ, ರಕ್ತದೊತ್ತಡ ನೋಡುವಂತಿಲ್ಲ. "ಬೆಳಿಗ್ಗೆ ಎದ್ದ ಕೂಡಲೇ ಮುಟ್ಟಿ ನೋಡುತ್ತೇನೆ. ಎಂಜಿನ್ ಓಡುತ್ತಾ ಇದೆ ಎಂದರೆ ಸಮಾಧಾನ" ಎಂದರು.

ಕಿಟಕಿಯ ದಂಡೆಯ ಬಾಟಲಿ ಅವರದು. ಮೈಯಿಂದ ನೀರು ಹೊರಹೋಗುವ ದಾರಿ ಮುಚ್ಚಿರುವಾಗ ಕುಡಿದದ್ದೆಲ್ಲ ಕಾಲಿಗೆ, ಶ್ವಾಸಕೋಶಕ್ಕೆ ಇಳಿಯುತ್ತದೆ. ಬೆಳಿಗ್ಗೆ ಅಳೆದು ತುಂಬಿಸಿದಷ್ಟೇ ರಾತ್ರಿಯವರೆಗೆ, ಚಹಾ ಕುಡಿದರೆ ಅದನ್ನೂ ಇದರಲ್ಲಿ ಕಳೆಯಬೇಕು. ಬಾಟಲಿಯ ಮೈಮೇಲೆ ಪೆನ್ನಿನಲ್ಲಿ ನಾಲ್ಕು ಗೆರೆ ಎಳೆದಿತ್ತು. ಹತ್ತು ಗಂಟೆಯ ಹೊತ್ತಿಗೆ ನೀರು ಮೊದಲನೆಯ ಗೆರೆಗೆ ಬೆರಳಗಲ ಮೇಲೆಯೇ ಇತ್ತು. ಮಾವನಿಗೂ ಹೀಗೇ ಹೇಳಿದ್ದರು. ಆಗ ನಾನು ಕಾಲೇಜು ಹುಡುಗ, ಅವರು ಅಡುಗೆಮನೆಗೆ ಕಳ್ಳಹೆಜ್ಜೆಯಲ್ಲಿ ಹೋಗಿ ಕುಡಿಯುತ್ತಿದ್ದುದನ್ನು ಅತ್ತೆಗೆ ಹೇಳಿ ಬೈಸಿದ್ದೆ. ಆ ಬೈಗುಳ ನೆನಪಾಗಿ ತಲೆ ಎತ್ತಲಾಗಲಿಲ್ಲ.

"ಅಂಗಳದಲ್ಲಿ ಹನ್ನೊಂದು ತೆಂಗಿನ ಮರ ಇದೆ" ಎಂದರು ಆ ತಾಯಿ. "ಎಲ್ಲ ಇವರೇ ನೆಟ್ಟದ್ದು. ಒಂದು ಬೊಂಡ ಕುಡಿಯುವ ಹಾಗಿಲ್ಲ." ಎಳನೀರಿನಲ್ಲಿರುವ ಪೊಟ್ಯಾಸಿಯಂ ಮೂತ್ರಪಿಂಡ ಸೋತವರ ಹೃದಯವನ್ನೇ ನಿಲ್ಲಿಸಬಹುದು. ತರಕಾರಿಯನ್ನೂ ಹೆಚ್ಚಿ ನೀರಲ್ಲಿ ನೆನೆಸಿ, ಬೇಯಿಸಿ, ಆ ನೀರನ್ನು ಚೆಲ್ಲಬೇಕು. 2011ರಲ್ಲಿ ಭೌಗೋಳಿಕ ಸೂಚಿಕೆ ಪಡೆದ, ವಾದಿರಾಜರು ಬೀಜ ಕೊಟ್ಟರೆಂದು ಊರೆಲ್ಲ ಹೇಳಿಕೊಳ್ಳುವ ಮಟ್ಟುಗುಳ್ಳ ಎಂಬ ಬದನೆಯ ನೆಲದಲ್ಲಿದ್ದುಕೊಂಡು, ಅದನ್ನೂ ಸಪ್ಪೆ ಮಾಡಿಯೇ ಉಣ್ಣಬೇಕು.

ಯಂತ್ರ ಬಂದರೆ ನಿಮಗೂ ಅನುಕೂಲವಾದೀತು ಎಂದೆ. ಆಕೆ ತುಸು ಹೊತ್ತು ಬೀಡಿಗೆ ನೂಲು ಸುತ್ತಿದರು.

"ಬರಲಿ, ಒಳ್ಳೆಯದೇ. ಆದರೆ ಯಂತ್ರಕ್ಕೆ ನಾವೇನೂ ಕೊಡುವುದಿಲ್ಲ. ಸರಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ ಮಾಡುತ್ತಾರೆ. ನಮಗೆ ಕಷ್ಟ ಆಗುವುದು ಅಲ್ಲಿಗೆ ಹೋಗಲಿಕ್ಕೆ. ನಮ್ಮದು ಬೆಳಗ್ಗಿನ ಪಾಳಿ, ಅಷ್ಟು ಬೇಗ ಈ ಕಡೆ ಬಸ್ಸಿಲ್ಲ. ನಾಲ್ಕು ಗಂಟೆ ಯಂತ್ರದಲ್ಲಿ ಮಲಗಿ ಎದ್ದ ಮೇಲೆ ಇವರಿಗೆ ಬಸ್ಸಿನಲ್ಲಿ ನಿಲ್ಲಲಿಕ್ಕೂ ಆಗುವುದಿಲ್ಲ. ಆಟೊಗೆ ಹೋಗಿ ಬರಲು ಐನೂರು. ಸಾವಿರ ಬೀಡಿ ಕಟ್ಟಿ ಬ್ರಾಂಚಿಗೆ ಕೊಟ್ಟರೂ ಅಷ್ಟು ಹುಟ್ಟುವುದಿಲ್ಲ. ಹೋದ ಮಳೆಗಾಲದಲ್ಲಿ ನಾಲ್ಕು ಸಲ ತಪ್ಪಿಸಿದೆವು."

ನಾಲ್ಕನೆಯ ಸಲ ತಪ್ಪಿದಾಗ ರಾತ್ರಿ ಉಸಿರು ಕಟ್ಟಿ, ಕುಳಿತೇ ಬೆಳಗು ಮಾಡಿದರಂತೆ. 2016ರಲ್ಲಿ ಕೇಂದ್ರದ ಡಯಾಲಿಸಿಸ್ ಯೋಜನೆ ಬಂದಿತು, ಜಿಲ್ಲಾ ಆಸ್ಪತ್ರೆಗಳಲ್ಲಿ ಬಡವರಿಗೆ ಉಚಿತ ಎಂದೆಲ್ಲ ಓದಿಕೊಂಡೇ ನಾನು ಜನರ ಬಳಿ ಚಂದಾ ಎತ್ತಿದ್ದೆ. ಆಸ್ಪತ್ರೆಯ ಬಾಗಿಲಿನವರೆಗೆ ತಲುಪುವ ಖರ್ಚು ನನ್ನ ತಲೆಗೆ ಹೊಳೆದಿರಲೇ ಇಲ್ಲ.

ವ್ಯಾನು ಬಂದಿತು. ಟ್ಯೂಬಿಗೆ ಗಾಳಿ ತುಂಬುವಾಗ ಯಜಮಾನರು ಎದ್ದು ಬಂದು, ಬಲಗೈಯಿಂದ ಚಕ್ರ ಎತ್ತಿ ತಿರುಗಿಸಿ, ಕಿವಿ ಹತ್ತಿರ ಇಟ್ಟು ಬೇರಿಂಗಿನ ಸದ್ದು ಕೇಳಿದರು. ಎಣ್ಣೆ ಸಾಲದು ಎಂದರು. ಹೌದು, ಸಾಲದಾಗಿತ್ತು.

ಪಡುಕೆರೆಯ ಉಳಿದ ದಾರಿಯಾಗಲಿ, ಮಲ್ಪೆಯ ವೇದಿಕೆಯಾಗಲಿ ಅಷ್ಟಾಗಿ ನೆನಪಿಲ್ಲ. ಕೊರಳಿಗೆ ಪದಕ ಹಾಕಿ ಪ್ರತಿಯೊಬ್ಬನ ಕೈಗೂ ಒಂದು ಎಳನೀರು ಕೊಟ್ಟರು. ಭಾಷಣ ಮುಗಿದ ಮೇಲೆ ಸಂಘಟಕರನ್ನು ಪಕ್ಕಕ್ಕೆ ಕರೆದು ಆಟೊ ಬಾಡಿಗೆಯ ಲೆಕ್ಕ ಹೇಳಿದೆ. ವಾರಕ್ಕೆ ಸಾವಿರ, ತಿಂಗಳಿಗೆ ನಾಲ್ಕು ಸಾವಿರದ ಮೇಲೆ. ಯಂತ್ರದ ಹಣವನ್ನು ಮುಟ್ಟುವಂತಿಲ್ಲ, ದಾನಿಗಳು ಕೊಟ್ಟದ್ದು ಅದಕ್ಕೇ ಎಂದರು. ಅವರು ಹೇಳಿದ್ದು ಸರಿ. ಆದರೆ ಇಂತಹ ಮನೆಗಳ ಪಟ್ಟಿಯೊಂದನ್ನು ಮಾಡೋಣ ಎಂದು ಅಲ್ಲೇ ಚೀಟಿಯಲ್ಲಿ ಬರೆದುಕೊಂಡರು.

ಮೈಸೂರಿಗೆ ಬಂದು, ಚಂದಾ ಕೊಟ್ಟವರ ಬಳಿಯೇ ಮತ್ತೆ ಹೋದೆ. ನಾಲ್ವರು ಒಪ್ಪಿದರು. ಬರುವ ಮಳೆಗಾಲ ಮುಗಿಯುವವರೆಗಿನ ಬಾಡಿಗೆಯನ್ನು ಆಟೊದವನಿಗೇ ನೇರವಾಗಿ ಕಳುಹಿಸುವ ಏರ್ಪಾಡಾಗಿದೆ. ಅದನ್ನು ಹೇಳಲು ಮೊನ್ನೆ ಬುಧವಾರ ಫೋನ್ ಮಾಡಿದೆ. ಆ ತಾಯಿ ಕೇಳಿಸಿಕೊಂಡು ಬಹಳ ಹೊತ್ತು ಏನೂ ಹೇಳಲಿಲ್ಲ. ಆಮೇಲೆ ಹಿಂದಿನಿಂದ ಗಂಡಸಿನ ದನಿ ತುಳುವಿನಲ್ಲಿ ಏನನ್ನೋ ಕೇಳಿತು.

"ಇವರು ಕೇಳುತ್ತಿದ್ದಾರೆ, ಚಕ್ರಕ್ಕೆ ಎಣ್ಣೆ ಹಾಕಿದಿರಾ ಎಂದು."