ಟೌನ್‌ಶಿಪ್ 31ರ ತಲೆ ಎಲ್ಲಿದೆ?

ಸಿಕ್ಕಿತು, ಹಳೇ ಜಮೀನು ಫೈಲೊಂದರಲ್ಲಿ ಓದಿ ಹುಡುಕುತ್ತಿದ್ದ ರೈತನ ಮನೆಯ ಜಾಗ! ಮೂರನೇ ಸಲಕ್ಕೆ, ಭಾನುವಾರ ರಾತ್ರಿ ಎಂಟಕ್ಕೆ. ಜೂನ್ ಆದ್ದರಿಂದ ಕೆನಡಾದ ಸಾಸ್ಕಾಚೆವನ್‌ನಲ್ಲಿ ಆಗಲೂ ಒಳ್ಳೇ ಬಿಸಿಲು. ಸಿಕ್ಕಿದ್ದು ಒಂದು ಗುಂಡಿ. ಆರು ಹೆಜ್ಜೆ ಉದ್ದ, ಮೊಣಕಾಲಿನಷ್ಟು ಆಳ, ತುಂಬ ಹುಲ್ಲು. ಫೋಟೋ ನೋಡಿ ಮನೆಯವಳು "ಇದಕ್ಕಾ ಮೂರು ಟ್ಯಾಂಕ್ ಪೆಟ್ರೋಲು?" ಅಂದಳು. ನೂರು ವರ್ಷದ ಹಿಂದೆ ಅದು ಒಂದು ಮನೆಯ ನೆಲಮಾಳಿಗೆ ಅಂತ ಹೇಳಿದೆ. ಮುಖ ಬದಲಾಗಲಿಲ್ಲ.

ಫೈಲು ಸಿಕ್ಕಿದ್ದು ಆರ್ಕೈವ್ಸ್‌ನಲ್ಲಿ. ನೆಲೆಸಲು ಬಂದವರಿಗೆ ಸರ್ಕಾರ ಜಮೀನು ಕೊಡುತ್ತಿದ್ದ ಕಾಲದ್ದು: ಅರ್ಜಿ, ಪೇಟೆಂಟು (ಅಂದರೆ ಹಕ್ಕುಪತ್ರ) ಇತ್ಯಾದಿ. 1872ರ ಕಾಯ್ದೆ, ಹತ್ತು ಡಾಲರ್ ಶುಲ್ಕಕ್ಕೆ 160 ಎಕರೆ, ಅಂದರೆ 6,400 ಗುಂಟೆ. ಮೂರು ವರ್ಷ ಅಲ್ಲೇ ಬದುಕಿ ಉತ್ತು ತೋರಿಸಬೇಕಿತ್ತು. ನನ್ನ ಫೈಲಿನಲ್ಲಿದ್ದ ವಿಳಾಸ: ಟೌನ್‌ಶಿಪ್ 31, ರೇಂಜ್ 25, ಎರಡನೇ ಮೆರಿಡಿಯನ್‌ಗೆ ಪಶ್ಚಿಮ. ಅಂದರೆ ನೆಲವನ್ನೆಲ್ಲ ಚೌಕಗಳಾಗಿ ಅಳೆದ ಮೋಜಣಿಯಲ್ಲಿ ದಕ್ಷಿಣದಿಂದ 31ನೇ ಸಾಲು, ಮೆರಿಡಿಯನ್ ಅನ್ನುವ ಉತ್ತರ-ದಕ್ಷಿಣ ಗೆರೆಯಿಂದ ಪಶ್ಚಿಮಕ್ಕೆ 25ನೇ ಚೌಕ. ವಾಟ್ರಸ್ ಊರಿನ ಸುತ್ತಮುತ್ತ. ಚೌಕದೊಳಗಿನ ತುಂಡಿನ, ಅಂದರೆ ಸೆಕ್ಷನ್‌ನ, ನಂಬರ್ ಬರೆಯುವುದಿಲ್ಲ, ಜಮೀನು ಈಗ ಬೇರೆಯವರದ್ದು.

ಇಂಥ ವಿಳಾಸ ಹುಡುಕಲು ರೆಡಿಮೇಡ್ ಆ್ಯಪ್ ಇದೆ, ಗೊತ್ತು. ದುಡ್ಡು ಕೊಡಲು ಮನಸ್ಸಾಗಲಿಲ್ಲ. ಕಾಗದದ ನಕ್ಷೆ ತರಿಸಿದೆ. ಮಾರಿದ ಪುಣ್ಯಾತ್ಮ ಎರಡು ವಾರ ಕಾಯಿಸಿ ಪಕ್ಕದ ಮುನಿಸಿಪಾಲಿಟಿಯದ್ದು ಕಳಿಸಿದ. ಕೇಳಿದರೆ "ಅದೂ ಚೆನ್ನಾಗಿದೆ ಸರ್" ಅನ್ನುವ ಧಾಟಿಯ ಉತ್ತರ. ಸರಿ, ಸ್ಪ್ರೆಡ್‌ಶೀಟ್‌ನಲ್ಲಿ ನಾನೇ ಲೆಕ್ಕ ಹಾಕುತ್ತೇನೆ ಅಂತ ಕೂತೆ. ಟೌನ್‌ಶಿಪ್ ಅಂದರೆ ಆರು ಮೈಲಿ ಚೌಕ. 49ನೇ ಅಕ್ಷಾಂಶದಿಂದ ಉತ್ತರಕ್ಕೆ ಮೂವತ್ತು ಚೌಕ, 102ನೇ ರೇಖಾಂಶದಿಂದ (ಅದೇ ಎರಡನೇ ಮೆರಿಡಿಯನ್) ಪಶ್ಚಿಮಕ್ಕೆ ಇಪ್ಪತ್ನಾಲ್ಕು. ಆರರ ಮಗ್ಗಿ. ಎಷ್ಟು ಸುಲಭ!

ಮೊದಲ ಪ್ರಯಾಣ: ಕನೋಲಾ ಎಣ್ಣೆಬೀಜದ ಮೊಳಕೆ, ಗಾಳಿ, ಸೊಳ್ಳೆ.

ನಾನು ಮರೆತದ್ದು ರಸ್ತೆಗೆ ಬಿಟ್ಟ ಜಾಗ. ಆರು ಮೈಲಿಯ ಮೇಲೆ, ಉತ್ತರ-ದಕ್ಷಿಣದ ಅಳತೆಗೆ ಮೂರು ಚೈನು, ಪೂರ್ವ-ಪಶ್ಚಿಮಕ್ಕೆ ಆರು ಚೈನು ಸೇರುತ್ತದೆ. ಚೈನು ಅಂದರೆ 66 ಅಡಿ. ನಮ್ಮಪ್ಪನ ಪಹಣಿಯ ಗುಂಟೆ 33 ಅಡಿ ಚೌಕ, ಈ ಚೈನಿನ ಸರಿಯಾಗಿ ಅರ್ಧ. ಒಂದೇ ಬ್ರಿಟಿಷ್ ಸಾಮ್ರಾಜ್ಯದ ದೊಡ್ಡಪ್ಪನ ಮಕ್ಕಳು ಇಲ್ಲೂ ಅಲ್ಲೂ ಸರಪಳಿ ಎಳೆದಿರಬೇಕು ಅನ್ನಿಸಿ ನಗು ಬಂತು. ಮೂರು ಚೈನು ಯಾವ ಲೆಕ್ಕ ಅನ್ನಬೇಡಿ: ಮೂವತ್ತು ಟೌನ್‌ಶಿಪ್ ದಾಟುವಷ್ಟರಲ್ಲಿ 90 ಚೈನು, ಒಂದು ಮೈಲಿಗೂ ಹೆಚ್ಚು. ಪಶ್ಚಿಮಕ್ಕೆ 144 ಚೈನು.

ತಿದ್ದಿಕೊಂಡು ಎರಡನೇ ಸಲ ಹೋದೆ. ಉತ್ತರ-ದಕ್ಷಿಣ ಈಗ ಕರಾರುವಾಕ್ಕು. ಆದರೆ ಫೈಲಿನಲ್ಲಿ ಮನೆಯ ಪಕ್ಕ ಬರೆದಿದ್ದ ಕೆರೆಹೊಂಡ ಮಾತ್ರ ಎಲ್ಲೂ ಇಲ್ಲ. ಭೂಮಿ ಗುಂಡಗಿದೆ, ಮೇಲೆ ಹೋದಂತೆ ರೇಖಾಂಶಗಳು ಹತ್ತಿರವಾಗುತ್ತವೆ, ಅದನ್ನೂ ಹಾಕಿದ್ದೆನಲ್ಲ! ಒಂದು ತಿಂಗಳು ಇದೇ ಹುಳ ತಲೆಯಲ್ಲಿ. ಆಫೀಸಿನ ಮೀಟಿಂಗ್‌ನಲ್ಲೂ ಕೊಸೈನು.

ಈ ಸಲ ದಕ್ಷಿಣದಿಂದ ಬಂದೆ. ವಾಟ್ರಸ್‌ಗಿಂತ ಮುಂಚೆ, ನೆಟ್ಟಗೆ ಬರುತ್ತಿದ್ದ ಜಲ್ಲಿ ರಸ್ತೆ ಚರಂಡಿಯ ಮುಂದೆ ಥಟ್ಟನೆ ಮುಗಿಯಿತು. ಎದುರಿಗೆ ಗೋಧಿ ಹೊಲ. ಪಕ್ಕಕ್ಕೆ ತಿರುಗಿ ಸ್ವಲ್ಪ ದೂರ ಹೋಗಿ ಮತ್ತೆ ಉತ್ತರಕ್ಕೆ. ಗೊಣಗುತ್ತಾ ಸ್ಟೀರಿಂಗ್ ತಿರುಗಿಸಿದವನು ಅಲ್ಲೇ ಬ್ರೇಕ್ ಹಾಕಿದೆ. ಕರೆಕ್ಷನ್ ಲೈನ್!

ಮೋಜಣಿದಾರರು ಬೇಸ್‌ಲೈನ್‌ಗಳನ್ನು, ಅಂದರೆ ಪೂರ್ವ-ಪಶ್ಚಿಮದ ಆಧಾರ ಗೆರೆಗಳನ್ನು, ನಾಲ್ಕು ಟೌನ್‌ಶಿಪ್‌ಗೊಂದರಂತೆ ಹಾಕಿದರು. ಒಂದೊಂದರಿಂದ ಎರಡು ಟೌನ್‌ಶಿಪ್ ಮೇಲಕ್ಕೆ, ಎರಡು ಕೆಳಕ್ಕೆ ಅಳೆದರು. ಮೇಲಿನಿಂದ ಬಂದದ್ದೂ ಕೆಳಗಿನಿಂದ ಹೋದದ್ದೂ ನಡುವೆ ಸೇರುವ ಕಡೆ ಗೆರೆ ಕೂಡುವುದಿಲ್ಲ, ಸೊಟ್ಟ ಹೊಲಿಗೆ ಬೀಳುತ್ತದೆ. ಅದೇ ಕರೆಕ್ಷನ್ ಲೈನ್. ಮೆರಿಡಿಯನ್‌ನಿಂದ ದೂರ ಹೋದಷ್ಟೂ ಸೊಟ್ಟ ಹೆಚ್ಚು. 30ಕ್ಕೂ 31ಕ್ಕೂ ನಡುವೆ ಅಂಥದೊಂದು ಹೊಲಿಗೆ ಇದೆ. ಅಂದರೆ 31 ಹುಟ್ಟಿದ್ದು ದಕ್ಷಿಣದ ಬೇಸ್‌ಲೈನ್‌ಗಲ್ಲ, 32ರ ನೆತ್ತಿಯ ಮೇಲಿರುವ ಒಂಬತ್ತನೇ ಬೇಸ್‌ಲೈನ್‌ಗೆ. ನಾನು ಅದನ್ನು 28ರ ನೆತ್ತಿಗೆ ನೇತುಹಾಕಿದ್ದೆ. ತಾಯಿ ಮನೆ ಬಿಟ್ಟು ಪಕ್ಕದ ಮನೆಯಲ್ಲಿ ಮಗು ಹುಡುಕಿದ ಹಾಗೆ.

ಕಾರಿನಲ್ಲೇ ಲ್ಯಾಪ್‌ಟಾಪ್ ತೆರೆದೆ. ಬದಲಾಯಿಸಿದ್ದು ಒಂದೇ ಒಂದು ಸೆಲ್ಲು. ಗುರುತು ಪಶ್ಚಿಮಕ್ಕೆ ಸುಮಾರು 1.8 ಕಿ.ಮೀ. ಜಿಗಿಯಿತು. ಉಪಗ್ರಹ ಚಿತ್ರದಲ್ಲಿ ಹೊಂಡ, ಪಕ್ಕದಲ್ಲಿ ಎಲ್-ಆಕಾರದ ಗಿಡಗಳ ಸಾಲು.

ಹೊಲದವರ ಬಾಗಿಲು ತಟ್ಟಿ ಅನುಮತಿ ಕೇಳಿದೆ (2022ರಿಂದ ಮೊದಲೇ ಕೇಳುವುದು ಕಾನೂನು, ಮೊದಲೂ ಕೇಳುವುದೇ ಮರ್ಯಾದೆ). ಆ ಎಲ್ ಕ್ಯಾರಗಾನಾ ಪೊದೆಗಳ ಬೇಲಿ. ಗಾಳಿ ತಡೆಯಲು ನೆಟ್ಟದ್ದು. ಇಂಡಿಯನ್ ಹೆಡ್ ಅನ್ನುವ ಊರಿನ ನರ್ಸರಿ ರೈತರಿಗೆ ಪುಕ್ಕಟೆ ಸಸಿ ಕೊಡುತ್ತಿತ್ತು. ಅದರ ಮರೆಯಲ್ಲಿ ಲೈಲಾಕ್ ಹೂಗಿಡ, ಗುಂಡಿ, ಒಲೆಯ ತುಕ್ಕು ಹಿಡಿದ ಮುಚ್ಚಳ. ಮುಚ್ಚಳ ಅಲ್ಲೇ ಬಿಟ್ಟೆ.

ವಾಪಸು ಬರುವಾಗ ಲಿಟಲ್ ಮ್ಯಾನಿಟೊ ಕೆರೆಯಲ್ಲಿ ಬಿದ್ದುಕೊಂಡೆ. ಸಮುದ್ರಕ್ಕಿಂತ ಉಪ್ಪು, ಈಜು ಬಾರದ ನನ್ನಂಥವನೂ ತೇಲುತ್ತಾನೆ. ಮ್ಯಾನಿಟೊ ಅಂದರೆ ಮೂಲನಿವಾಸಿಗಳ ಮಾತಿನಲ್ಲಿ ಚೈತನ್ಯ, ದೈವ. ಸರಪಳಿ ಬರುವ ಮೊದಲೇ ಇದ್ದ ಹೆಸರು, ಯಾವ ಚೌಕಕ್ಕೂ ಸಿಕ್ಕದ ಕೆರೆ. ತೇಲುತ್ತಲೇ ಮುಂದಿನ ಯೋಜನೆ ಹೊಳೆಯಿತು: ಗ್ರ್ಯಾಂಡ್ ಟ್ರಂಕ್ ಪೆಸಿಫಿಕ್ ರೈಲಿನವರು ಇಂಗ್ಲಿಷ್ ಅಕ್ಷರಮಾಲೆ ಹಿಡಿದು ಹೆಸರಿಟ್ಟ ಊರುಗಳು. ವೆನ್, ವಾಟ್ರಸ್, ಝೀನಾ (Xena), ಯಂಗ್, ಝೆಲ್ಮಾ, ಮತ್ತೆ ಮೊದಲಿನಿಂದ ಆಲನ್, ಬ್ರ್ಯಾಡ್‌ವೆಲ್, ಕ್ಲೇವೆಟ್. ಎಲ್ಲದರ ಫೋಟೋ, ಒಂದೇ ದಿನದಲ್ಲಿ. ಎಕ್ಸ್ ಅಕ್ಷರಕ್ಕೆ ಊರು ಹುಡುಕಿದವನ ಕಷ್ಟ ಯೋಚಿಸಿ! ನಮ್ಮ ಅಕ್ಷರಮಾಲೆ ಆಗಿದ್ದರೆ ಙ, ಞಗೆ ಏನು ಮಾಡುತ್ತಿದ್ದರೋ.

ಅಂದ ಹಾಗೆ, ಗುಂಡಿಯ ಅಂಚಿನಲ್ಲಿ ರೂಬಾರ್ಬ್ ಅನ್ನುವ ಹುಳಿ ದಂಟಿನ ಗಿಡ ಇನ್ನೂ ಪೊಗದಸ್ತಾಗಿ ಬೆಳೆದಿತ್ತು. "ಒಯ್ಯಿ, ಯಾರೂ ತಿನ್ನುವುದಿಲ್ಲ" ಅಂದರು ಹೊಲದವರು. ಎಲೆ ವಿಷ, ಅದನ್ನು ಎಸೆದು ದಂಟಿಗೆ ಬೆಲ್ಲ, ಮೆಣಸಿನಪುಡಿ, ಇಂಗಿನ ಒಗ್ಗರಣೆ ಹಾಕಿ ಗೊಜ್ಜು ಮಾಡಿದೆ. ಹುಣಸೆಹಣ್ಣೇ ಬೇಕಾಗಲಿಲ್ಲ. ಮನೆಯವಳು ಎರಡನೇ ಸಲ ಅನ್ನಕ್ಕೆ ಹಾಕಿಸಿಕೊಂಡಳು, ಪೆಟ್ರೋಲಿನ ಮಾತು ಎತ್ತಲಿಲ್ಲ.