ಕೋಡ್ ಇಲ್ಲ ಅಂದ ಮಾತ್ರಕ್ಕೆ ಬ್ರೇಕ್ ಸರಿ ಇದೆ ಅಂತಲ್ಲ

ನಮ್ಮ ವರ್ಕ್‌ಶಾಪಿನ ಜಾಬ್ ಕಾರ್ಡುಗಳಲ್ಲಿ ನನಗೆ ಸಿಟ್ಟು ಬರಿಸುವ ಒಂದು ಸಾಲಿದೆ: ‘ಟ್ರಯಲ್ ಮಾಡಿದೆ, ಸ್ಕ್ಯಾನರ್‌ನಲ್ಲಿ ಕೋಡ್ ಇಲ್ಲ, ಗಾಡಿ ಓಕೆ.’ ಕೋಡ್ ಅಂದರೆ ಗಾಡಿಯ ಕಂಪ್ಯೂಟರ್ ಬರೆದಿಟ್ಟುಕೊಳ್ಳುವ ದೋಷದ ಗುರುತು. ಖಾನಾಪುರದಿಂದ ಬೆಳಗಾವಿಗೆ ದಿನಾ ಡ್ಯೂಟಿಗೆ ಬರುವ ಒಬ್ಬ ನರ್ಸ್ ಅವರ ಹಳೇ ಸಣ್ಣ ಕಾರಿನ ಕಾರ್ಡಿನಲ್ಲಿ ಈ ಮಳೆಗಾಲದಲ್ಲಿ ಆ ಸಾಲು ಮತ್ತೆ ಮತ್ತೆ ಬಿತ್ತು. ಗಾಡಿ ಮಾತ್ರ ಓಕೆ ಇರಲಿಲ್ಲ.

ಕಂಪ್ಲೇಂಟ್ ಕಾಲಮ್ಮಿನಲ್ಲಿ ಅಡ್ವೈಸರ್ ಬರೆದದ್ದು ‘ಬ್ರೇಕ್ ನಾಯ್ಸ್’ ಅಂತ ಎರಡೇ ಪದ. ಆ ನರ್ಸ್ ಬಾಯಿಬಿಟ್ಟು ಹೇಳಿದ್ದು ಬೇರೆಯೇ ಇತ್ತು. “ಜೋರಾಗಿ ಹೊಡದ್ರ ಚಲೋ ನಿಲ್ಲತೈತ್ರಿ. ಸಾವಕಾಶ ನಿಲ್ಸೂ ಮುಂದ ಕಾಲಾಗ ಗರ್ರ್ ಅಂತೈತಿ, ಗಾಡಿ ಒಂದೀಟು ಮುಂದ ಹೊಕ್ಕೈತಿ. ಒಮ್ಮೊಮ್ಮೆ ಅಷ್ಟ.” ರೋಗ ಏನು ಅನ್ನೋದು ಪೂರ್ತಿ ಆ ಮಾತಿನಲ್ಲೇ ಇತ್ತು. ಕಾರ್ಡಿಗೆ ಅದು ಇಳಿಯಲೇ ಇಲ್ಲ.

ಸದ್ದು ಅಂದ ಮೇಲೆ ಫ್ಲೋರಿನಲ್ಲಿ ಏನು ಮಾಡುತ್ತಾರೆ? ಪ್ಯಾಡ್ ಬದಲಿಸಿದರು. ಡಿಸ್ಕ್ ಬಿಚ್ಚಿ ಉದ್ಯಮಬಾಗಿಗೆ ಕಳಿಸಿ ಲೇತ್ ಹೊಡೆಸಿ ತಂದರು. ಬ್ರೇಕ್ ಆಯಿಲ್ ಬದಲಿಸಿ ಬ್ಲೀಡ್ ಮಾಡಿದರು. ಆಮೇಲೆ ಖಾನಾಪುರ ರೋಡಿಗೆ ಒಯ್ದು 60ರ ಸ್ಪೀಡಿನಲ್ಲಿ ಬ್ರೇಕ್ ಒತ್ತಿ ನೋಡಿದರು. ಗಾಡಿ ನೇರವಾಗಿ ನಿಂತಿತು. ಎಬಿಎಸ್ (ಬ್ರೇಕ್ ಒತ್ತಿದಾಗ ಚಕ್ರ ಲಾಕ್ ಆಗದಂತೆ ಪ್ರೆಶರ್ ಬಿಟ್ಟು ಹಿಡಿಯುವ ವ್ಯವಸ್ಥೆ) ಲೈಟ್ ಇಲ್ಲ, ಕೋಡ್ ಇಲ್ಲ. ಡೆಲಿವರಿ. ಅವರು ಮತ್ತೆ ಬಂದರು.

ಎಲೆಕ್ಟ್ರಿಕಲ್ ಕೆಲಸ ನನ್ನದು. ಗಾಡಿ ನನ್ನ ಕೈಗೆ ಬರುವ ಹೊತ್ತಿಗೆ ಎಬಿಎಸ್ ಮಾಡ್ಯೂಲ್ (ಅದನ್ನು ನಡೆಸುವ ಕಂಪ್ಯೂಟರ್ ಮತ್ತು ಪಂಪ್) ಬದಲಿಸುವ ಎಸ್ಟಿಮೇಟ್ ತಯಾರಾಗುತ್ತಿತ್ತು. ಅಷ್ಟು ಹಳೇ ಗಾಡಿಗೆ ಆ ಪಾರ್ಟ್ ಹಾಕಿಸುವುದು ಅಂದರೆ ಗಾಡಿಯ ಈಗಿನ ಬೆಲೆಯಲ್ಲೇ ದೊಡ್ಡ ಪಾಲು ಹೋಗುತ್ತದೆ. ಮಾಡ್ಯೂಲ್ ಮೇಲೆ ನನಗೂ ಅನುಮಾನ ಇತ್ತು, ಇಲ್ಲ ಅನ್ನಲ್ಲ. ಆದರೆ ದೋಷ ಕಣ್ಣಿಗೆ ಬೀಳದೆ ಅಷ್ಟು ದುಡ್ಡಿನ ಪಾರ್ಟ್ ಬರೆಯಲು ನನಗೆ ಮನಸ್ಸಾಗಲಿಲ್ಲ.

“ಅಕ್ಕಾರ, ನೀವ ಓಡಸ್ರಿ, ನಾ ಬಾಜೂಕ ಕೂಡ್ತೀನಿ. ದಿನಾ ಹೆಂಗ ಹೊಕ್ಕೀರಿ ಹಂಗ ಹೋಗ್ರಿ” ಅಂದೆ.

ಸಣ್ಣ ಮಳೆ ಹನಿಯುತ್ತಿತ್ತು. ಟಿಳಕವಾಡಿ ಎರಡನೇ ರೈಲ್ವೆ ಗೇಟ್ ಹಾಕಿತ್ತು. ಮುಂದೆ ಗಾಡಿಗಳ ಸಾಲು. ನಮ್ಮ ಮುಂದೆ ಒಂದು ಸ್ಕೂಟಿ, ಹಿಂದಿನ ಸೀಟಿನಲ್ಲಿ ರೇನ್‌ಕೋಟ್ ಹಾಕಿದ ಒಂದು ಮಗು. ನಾವು ಸೈಕಲ್ ಸ್ಪೀಡಿನಲ್ಲಿ ಹತ್ತಿರ ಹೋಗುತ್ತಿದ್ದೆವು. ಅವರು ಮೆಲ್ಲಗೆ ಬ್ರೇಕ್ ಒತ್ತಿದರು. ಗಾಡಿ ಇನ್ನೇನು ನಿಲ್ಲಬೇಕು, ಆಗ ನನ್ನ ಕಾಲ ಕೆಳಗಿನ ಫ್ಲೋರ್ ನಡುಗಿತು. ಗರ್ರ್ ಅಂತ ಪಂಪಿನ ಸದ್ದು. ಬ್ರೇಕ್ ಕೈಬಿಟ್ಟಿತು. ಗಾಡಿ ನಿಲ್ಲದೆ ಜಾರುತ್ತಲೇ ಇತ್ತು. ನನ್ನ ಬಲಗಾಲು ಇಲ್ಲದ ಪೆಡಲನ್ನು ಒತ್ತುತ್ತಿತ್ತು. ಅವರು ಗಾಬರಿಯಾಗದೆ ಹ್ಯಾಂಡ್‌ಬ್ರೇಕ್ ಎಳೆದರು. ಸ್ಕೂಟಿಯ ನಂಬರ್ ಪ್ಲೇಟಿಗೂ ನಮ್ಮ ಬಂಪರಿಗೂ ಒಂದು ಗೇಣು ಉಳಿದಿತ್ತು. ಮಗು ತಿರುಗಿ ನೋಡಿತು. ಗೇಟ್ ತೆಗೆಯುವವರೆಗೂ ನಾವಿಬ್ಬರೂ ಮಾತಾಡಲಿಲ್ಲ. ಅಷ್ಟು ದಿನ ಆ ಹೆಣ್ಣುಮಗಳು ಇದೇ ಬ್ರೇಕಿನಲ್ಲಿ ಓಡಾಡಿದ್ದರು, ನಾವು ‘ಓಕೆ’ ಅಂತ ಬರೆದು ಕಳಿಸುತ್ತಿದ್ದೆವು. ಅದು ನನಗೆ ಇವತ್ತಿಗೂ ಚುಚ್ಚುತ್ತದೆ.

ಆ ಹೊತ್ತಿನಲ್ಲೂ ನಾನು ಮೀಟರಿನ ಮೇಲೆ ಕಣ್ಣಿಟ್ಟಿದ್ದೆ. ಒಂದು ಲೈಟೂ ಹತ್ತಲಿಲ್ಲ. ಇದು ತುಂಬಾ ಮುಖ್ಯ. ಹಳದಿ ಎಬಿಎಸ್ ಲೈಟ್ ಒಂದೇ ಹತ್ತಿದರೆ ಎಬಿಎಸ್ ಬಂದ್ ಆಗಿರುತ್ತದೆ, ಸಾದಾ ಬ್ರೇಕ್ ಕೆಲಸ ಮಾಡುತ್ತದೆ. ಜೊತೆಗೆ ಕೆಂಪು ಬ್ರೇಕ್ ಲೈಟೂ ಹತ್ತಿದರೆ ಗಾಡಿ ಓಡಿಸಲೇಬಾರದು. ಈ ಗಾಡಿಯಲ್ಲಿ ಎರಡೂ ಇಲ್ಲ. ಎಬಿಎಸ್ ಚಾಲೂ ಇದೆ, ಆದರೆ ಅದಕ್ಕೆ ಸುಳ್ಳು ಸುದ್ದಿ ಹೋಗುತ್ತಿದೆ. ಚಕ್ರ ತಿರುಗುತ್ತಿದ್ದರೂ ಲಾಕ್ ಆಗುತ್ತಿದೆ ಅಂದುಕೊಂಡು ಅದು ಬ್ರೇಕ್ ಪ್ರೆಶರ್ ಬಿಡುತ್ತಿದೆ. ಲೈಟ್ ಹತ್ತಿದ ಗಾಡಿಗಿಂತ ಇದು ಜಾಸ್ತಿ ಅಪಾಯ ಅಲ್ವಾ?

ವರ್ಕ್‌ಶಾಪಿಗೆ ವಾಪಸ್ ಬಂದು ಹಿಂದಿನ ಖಾಲಿ ಜಾಗದಲ್ಲಿ ಎಬಿಎಸ್ ಫ್ಯೂಸ್ ಕಿತ್ತು ಅದೇ ಸ್ಪೀಡಿನಲ್ಲಿ ಬ್ರೇಕ್ ಒತ್ತಿದೆ. ಗರ್ರ್ ಇಲ್ಲ, ಜಾರುವುದೂ ಇಲ್ಲ. ಫ್ಯೂಸ್ ಹಾಕಿದೆ, ಮತ್ತೆ ಬಂತು. ಪ್ಯಾಡ್, ಡಿಸ್ಕ್, ಆಯಿಲ್ ಯಾವುದರದೂ ತಪ್ಪಿಲ್ಲ ಅಂತ ಅಲ್ಲೇ ಗೊತ್ತಾಯಿತು. ಈ ಟೆಸ್ಟನ್ನು ರೋಡಿನಲ್ಲಿ ಮಾಡಬೇಡಿ. ಫ್ಯೂಸ್ ತೆಗೆದರೆ ಹಿಂದಿನ ಚಕ್ರದ ಬ್ರೇಕ್ ಹಂಚಿಕೆಯೂ ಕೆಲವು ಗಾಡಿಗಳಲ್ಲಿ ಹೋಗುತ್ತದೆ.

ಮುಂದಿನ ಪ್ರಶ್ನೆ, ಸುಳ್ಳು ಹೇಳುತ್ತಿರುವ ಚಕ್ರ ಯಾವುದು? ಸ್ಕ್ಯಾನರ್‌ನಲ್ಲಿ ನಾಲ್ಕೂ ಚಕ್ರದ ಸ್ಪೀಡ್ ನೋಡಿದೆ. ಮುಂದಿನ ಎಡಚಕ್ರದ ಗೆರೆ ಒಮ್ಮೊಮ್ಮೆ ತುಸು ಇಳಿದಂತೆ ಕಂಡಿತು, ಅಷ್ಟೇ. ಗಂಟೆಗೆ 10 ಕಿಮೀ ಸ್ಪೀಡಿನಲ್ಲಿ ಇಂಥ ಸಣ್ಣ ಗಾಡಿಯ ಚಕ್ರ ಸೆಕೆಂಡಿಗೆ ಸುಮಾರು ಒಂದೂವರೆ ಸುತ್ತು ತಿರುಗುತ್ತದೆ. ಸುತ್ತಿಗೊಮ್ಮೆ ಕಣ್ಣು ಮಿಟುಕಿಸುವುದರೊಳಗೆ ಬಂದು ಹೋಗುವ ದೋಷವನ್ನು ನಮ್ಮ ಸ್ಕ್ಯಾನರ್ ಹಿಡಿಯುವುದಿಲ್ಲ. ಅದು ಓದುವುದೇ ನಿಧಾನ. ಚಕ್ರದ ಸ್ಪೀಡ್ ಓದುವ ಸೆನ್ಸರಿನ ರೆಸಿಸ್ಟೆನ್ಸ್ ಅಳೆದೆ. ಎಡಕ್ಕೂ ಬಲಕ್ಕೂ ಹೆಚ್ಚುಕಡಿಮೆ ಒಂದೇ. ಸುಮಾರು ಜನ ಇಲ್ಲಿಗೆ ನಿಲ್ಲಿಸುತ್ತಾರೆ. ಆದರೆ ಆ ಅಳತೆ ಸೆನ್ಸರಿನ ಕಾಯಿಲ್ ಬಗ್ಗೆ ಮಾತ್ರ ಹೇಳುತ್ತದೆ. ಸೆನ್ಸರ್ ಏನನ್ನು ನೋಡುತ್ತಿದೆ ಅನ್ನುವುದನ್ನು ಹೇಳುವುದಿಲ್ಲ.

ಸಿಗ್ನಲ್ಲಿನ ಅಲೆ ತೋರಿಸುವ ಆಸಿಲೋಸ್ಕೋಪ್ ಕೊಡಿಸಿ ಅಂತ ಮ್ಯಾನೇಜ್‌ಮೆಂಟಿಗೆ ಕೇಳಿ ಕೇಳಿ ಸಾಕಾಗಿ ನಾನೇ ಒಂದು ಸಣ್ಣದು ಕೊಂಡಿದ್ದೇನೆ. ಗಾಡಿ ಲಿಫ್ಟ್ ಮೇಲೆ ಏರಿಸಿ, ಕಪ್ಲರ್ ಬಿಚ್ಚಿ, ಸೆನ್ಸರಿನ ಎರಡು ವೈರಿಗೆ ಅದನ್ನು ಹಚ್ಚಿ ಚಕ್ರ ಕೈಯಿಂದ ತಿರುಗಿಸಿದೆ. ಬಲಚಕ್ರದ ಅಲೆಗಳು ಒಂದೇ ಸಮ. ಎಡಚಕ್ರದ್ದೂ ಒಂದೇ ಸಮ ಬಂದು ಬಂದು, ಸುತ್ತಿಗೊಮ್ಮೆ ಒಂದು ಅಲೆ ಅಗಲವಾಗಿ ಬರುತ್ತಿತ್ತು. ಒಂದು ಹಲ್ಲು ಹೋದ ಬಾಚಣಿಗೆಯ ಮೇಲೆ ಉಗುರು ಎಳೆದ ಹಾಗೆ. ಎಕ್ಸಲ್ ಜಾಯಿಂಟಿನ ಮೇಲೆ ಚಕ್ರದ ಜೊತೆ ತಿರುಗುವ ಹಲ್ಲಿನ ರಿಂಗ್ ಇರುತ್ತದೆ, ಸೆನ್ಸರ್ ಓದುವುದು ಅದರ ಹಲ್ಲುಗಳನ್ನೇ. ಟಾರ್ಚ್ ಹಿಡಿದು ಆ ರಿಂಗ್ ಒರೆಸಿ ನೋಡಿದೆ. ಎರಡು ಹಲ್ಲಿನ ನಡುವೆ ಬಿರುಕು, ಉಗುರು ಸಿಗುವಷ್ಟು.

ಗಾಡಿ ಗೋವಾ ಪಾಸಿಂಗ್‌ನದು. ಅವರು ಸೆಕೆಂಡ್ ಹ್ಯಾಂಡ್ ಕೊಂಡಿದ್ದು. ಸಮುದ್ರದ ಉಪ್ಪು ಗಾಳಿಯಲ್ಲಿ ವರ್ಷಗಟ್ಟಲೆ ಇದ್ದು, ಆಮೇಲೆ ಖಾನಾಪುರದ ಮಳೆ, ಕೆಂಪು ರಾಡಿ. ರಿಂಗ್ ಬಿಗಿಯಾಗಿ ಕೂತ ಜಾಗದ ಕೆಳಗೆ ತುಕ್ಕು ಹಿಡಿದರೆ ಅದು ಉಬ್ಬುತ್ತದೆ. ಉಬ್ಬಿ ರಿಂಗನ್ನೇ ಸೀಳುತ್ತದೆ. ಸ್ಪೀಡ್ ಇದ್ದಾಗ ಆ ಬಿರುಕು ಸೆನ್ಸರಿನ ಮುಂದೆ ಥಟ್ಟನೆ ದಾಟಿಹೋಗುತ್ತದೆ. ನಿಧಾನ ಇದ್ದಾಗ ಅದೇ ಬಿರುಕು ದೊಡ್ಡ ಖಾಲಿಯಾಗಿ ಕಂಡು, ಚಕ್ರ ನಿಂತಿತು ಅಂತ ಮಾಡ್ಯೂಲ್ ತಿಳಿಯುತ್ತದೆ. ಅವರ ‘ಒಮ್ಮೊಮ್ಮೆ’ ಅನ್ನುವುದಕ್ಕೆ ಕಾರಣ ಇಷ್ಟೇ. ನಾವು 60ರಲ್ಲಿ ಹುಡುಕುತ್ತಿದ್ದೆವು, ದೋಷ 10ರಲ್ಲಿ ಇತ್ತು.

ಇಂಥ ಗಾಡಿಗಳು ಇನ್ನು ಮುಂದೆ ಜಾಸ್ತಿ ಬರುತ್ತವೆ. ನಮ್ಮ ದೇಶದಲ್ಲಿ ಕಾರಿನ ಹೊಸ ಮಾಡೆಲ್‌ಗಳಿಗೆ 2018ರ ಏಪ್ರಿಲ್‌ನಿಂದ, ಆಗಲೇ ಮಾರ್ಕೆಟ್ಟಿನಲ್ಲಿದ್ದ ಮಾಡೆಲ್‌ಗಳಿಗೆ 2019ರ ಏಪ್ರಿಲ್‌ನಿಂದ ಎಬಿಎಸ್ ಕಡ್ಡಾಯ ಆಯಿತು. ಅವೂ ಹಳೆಯದಾಗುತ್ತವೆ, ತುಕ್ಕು ಹಿಡಿಯುತ್ತವೆ. ಫ್ಲೋರಿನ ಹುಡುಗರಿಗೆ ನಾವು ಕಲಿಸಿದ್ದು ಲೈಟ್ ನೋಡುವುದನ್ನು ಮಾತ್ರ.

ರಿಂಗ್ ಬೇರೆಯಾಗಿ ಸಿಕ್ಕಿತು, ಪೂರ್ತಿ ಎಕ್ಸಲ್ ಬೇಕಾಗಲಿಲ್ಲ. ತರುವ ಮುಂಚೆ ಹಳೆಯದರ ಹಲ್ಲು ಎಣಿಸಿಕೊಳ್ಳಿ. ಒಂದು ಹಲ್ಲು ಹೆಚ್ಚುಕಡಿಮೆ ಆದರೂ ಆ ಚಕ್ರದ ಸ್ಪೀಡ್ ಯಾವಾಗಲೂ ತಪ್ಪು ಬರುತ್ತದೆ. ಕೂರಿಸುವ ಜಾಗದ ತುಕ್ಕನ್ನು ಕೆರೆದು ಬರೀ ಕಬ್ಬಿಣ ಕಾಣಬೇಕು. ರಿಂಗನ್ನು ಬೇರೆ ಇಟ್ಟು ಬಿಸಿ ಮಾಡಿ ಇಳಿಸಿ. ಜಾಯಿಂಟಿಗೆ ಬೆಂಕಿ ತೋರಿಸಿದರೆ ಅದರ ರಬ್ಬರ್ ಬೂಟ್ ಸುಡುತ್ತದೆ, ಗ್ರೀಸ್ ಕರಗುತ್ತದೆ.

ಬಿಲ್ಲಿನಲ್ಲಿ ಎಕ್ಸಲ್ ಬಿಚ್ಚಿ ಹಾಕಿದ ಲೇಬರ್ ಬಂತು. ಹುಡುಕಿದ ಸಮಯಕ್ಕೆ ಕಾಲಮ್ಮೇ ಇಲ್ಲ. ಅದಕ್ಕೇ ಎಲ್ಲರೂ ಹುಡುಕುವುದನ್ನು ಬಿಟ್ಟು ಪಾರ್ಟ್ ಬದಲಿಸುತ್ತಾರೆ. ಸೋಮವಾರದ ಮೀಟಿಂಗಿನಲ್ಲಿ ಎರಡು ವಿಷಯ ಕೇಳಿದ್ದೇನೆ: ಡಯಾಗ್ನೋಸಿಸ್‌ಗೆ ಬೇರೆ ಲೇಬರ್ ಇಡಿ, ಕಂಪ್ಲೇಂಟನ್ನು ಗಿರಾಕಿಯ ಮಾತಿನಲ್ಲೇ ಬರೆಯಿರಿ. ಎರಡನೆಯದಕ್ಕೆ ಒಪ್ಪಿದ್ದಾರೆ. ಮೊದಲನೆಯದನ್ನು ಮತ್ತೆ ಕೇಳುತ್ತೇನೆ.

ಆ ಗಾಡಿಯ ಬಲಗಡೆ ರಿಂಗಿಗೂ ತುಕ್ಕು ಹತ್ತಿದೆ, ಇನ್ನೂ ಸೀಳಿಲ್ಲ. ಅದನ್ನು ಕಾರ್ಡಿನಲ್ಲಿ ಬರೆದು, ಮುಂದಿನ ಮಳೆಗಾಲಕ್ಕೆ ಮುಂಚೆ ತಂದು ತೋರಿಸಿ ಅಂತ ಅವರಿಗೆ ಹೇಳಿದ್ದೇನೆ.